ಮರಳು, ನೀರು ಮತ್ತು ಶಾಲೆಯ ಗೇಟು

ಕಳೆದ ಮಳೆಗಾಲ ಮುಗಿದ ಮೇಲೆ, ನಾನು ಮೂವತ್ತೆರಡು ವರ್ಷ ಪಾಠ ಹೇಳಿದ ಶಾಲೆಯ ಕಬ್ಬಿಣದ ಗೇಟನ್ನು ದುರಸ್ತಿ ಮಾಡಿಸಬೇಕೆಂದು ಹಳೆಯ ವಿದ್ಯಾರ್ಥಿಗಳು ನಿಶ್ಚಯಿಸಿದರು. ನಮ್ಮದು ಕರಾವಳಿಯ ಊರು. ಉಪ್ಪುಗಾಳಿಗೆ ಕಬ್ಬಿಣ ಬಹಳ ಕಾಲ ತಾಳುವುದಿಲ್ಲ. ವಾರ್ಷಿಕೋತ್ಸವ ಬಂತೆಂದರೆ ತುಕ್ಕಿನ ಮೇಲೆಯೇ ಒಂದು ಕೈ ಬಣ್ಣ ಬಳಿಸಿ ಸಮಾಧಾನಪಟ್ಟುಕೊಳ್ಳುತ್ತಿದ್ದ ಮುಖ್ಯೋಪಾಧ್ಯಾಯರ ಸಾಲಿನಲ್ಲಿ ನಾನೂ ಒಬ್ಬ. ಹೀಗಾಗಿ ಆ ಗೇಟಿನ ಮೇಲೆ ಬಣ್ಣ, ತುಕ್ಕು, ಮತ್ತೆ ಬಣ್ಣ ಎಂದು ಹಲಸಿನ ಹಪ್ಪಳದಂತೆ ಪದರ ಪದರವಾಗಿ ಎದ್ದು ನಿಂತಿತ್ತು.

ಊರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ನನ್ನ ಶಿಷ್ಯನೊಬ್ಬ ಈ ಕೆಲಸ ವಹಿಸಿಕೊಂಡ. ವಾಹನ ತೊಳೆಯುವ ಪ್ರೆಷರ್ ವಾಷರ್ ಯಂತ್ರವನ್ನೂ, ಅದಕ್ಕೆ ಜೋಡಿಸುವ ಒಂದು ನಳಿಗೆಯನ್ನೂ ತಂದಿದ್ದ. ನೀರಿನೊಡನೆ ಮರಳನ್ನು ಸೇರಿಸಿ ಚಿಮ್ಮಿಸಿದರೆ ಬಣ್ಣವೂ ತುಕ್ಕೂ ಒಟ್ಟಿಗೆ ಕಿತ್ತುಹೋಗುತ್ತವೆಂದು ವಿವರಿಸಿದ. ಮರಳು ಎಲ್ಲಿಂದ ತರುತ್ತೀಯಪ್ಪ ಎಂದು ಕೇಳಿದೆ. "ಕಡಲ ಬದಿಯಲ್ಲಿದ್ದು ಮರಳಿಗೆ ಬರವೇ ಮಾಷ್ಟ್ರೇ?" ಎಂದು ನಕ್ಕ. ನನಗೆ ನಗು ಬರಲಿಲ್ಲ. ಎರಡು ದಿನ ಕೆಲಸ ನಿಲ್ಲಿಸು ಎಂದೆ. ಏಕೆ ಹಾಗೆಂದೆ ಎಂಬುದನ್ನು ಹೇಳಬೇಕಾದರೆ ಈ ವಿದ್ಯೆಯ ಚರಿತ್ರೆಯನ್ನೇ ಸ್ವಲ್ಪ ಹೇಳಬೇಕಾಗುತ್ತದೆ.

ಮರಳನ್ನು ರಭಸದಿಂದ ಎರಚಿ ಗಟ್ಟಿ ವಸ್ತುಗಳನ್ನು ಕೊರೆಯುವ ಕ್ರಮಕ್ಕೆ ಪೇಟೆಂಟ್ ಪಡೆದವನು ಅಮೆರಿಕದ ಫಿಲಡೆಲ್ಫಿಯದ ಬೆಂಜಮಿನ್ ಚ್ಯೂ ಟಿಲ್ಗ್‌ಮನ್. ಅದು 1870ನೆಯ ಇಸವಿ. ಆತ ಅಲ್ಲಿನ ಅಂತರ್ಯುದ್ಧದಲ್ಲಿ ಉತ್ತರದವರ ಪಕ್ಷದಲ್ಲಿ ಹೋರಾಡಿ, 1863ರ ಚಾನ್ಸೆಲರ್ಸ್‌ವಿಲ್ ಕದನದಲ್ಲಿ ಗಾಯಗೊಂಡಿದ್ದ ಸೇನಾಧಿಕಾರಿ. ಮರುಭೂಮಿಯ ಗಾಳಿಯಲ್ಲಿ ತೂರಿಬಂದ ಮರಳು ಕಿಟಕಿಯ ಗಾಜನ್ನು ಮಬ್ಬಾಗಿಸಿದ್ದನ್ನು ಕಂಡು ಅವನಿಗೆ ಈ ಯೋಚನೆ ಹೊಳೆಯಿತೆಂದು ಹೇಳುವುದುಂಟು. ಕಥೆ ನಿಜವಿರಲಿ, ಕಟ್ಟಿದ್ದಿರಲಿ, ಗಾಳಿಯೂ ಮರಳೂ ಸೇರಿ ಬಂಡೆಯನ್ನು ಸವೆಸುವುದು ಸೃಷ್ಟಿಯಷ್ಟೇ ಹಳೆಯ ಸಂಗತಿ. ಸಾವಿರಾರು ವರ್ಷಗಳ ಆ ಕೆಲಸವನ್ನು ನಿಮಿಷಗಳಲ್ಲಿ ಮುಗಿಸಿದ್ದು ಟಿಲ್ಗ್‌ಮನ್ನನ ಸಾಧನೆ.

ಇದರಲ್ಲೊಂದು ಸೋಜಿಗವಿದೆ. ಗಾಜಿನ ಮೇಲೆ ಕಸೂತಿಯ ಬಟ್ಟೆಯನ್ನೋ ರಬ್ಬರಿನ ತುಂಡನ್ನೋ ಇಟ್ಟು ಮರಳು ಎರಚಿದರೆ, ಕಠಿನವಾದ ಗಾಜು ಸವೆಯುತ್ತದೆ, ಮೃದುವಾದ ಬಟ್ಟೆಯೂ ರಬ್ಬರೂ ಉಳಿಯುತ್ತವೆ. ಬಾಗಬಲ್ಲ ವಸ್ತು ಮರಳಿನ ಕಣವನ್ನು ಹಿಂದಕ್ಕೆ ಪುಟಿಸುತ್ತದೆ. ಬಾಗಲಾರದ್ದು ಏಟನ್ನೆಲ್ಲ ನುಂಗಿ ಒಡೆಯುತ್ತದೆ. ಒಣಗಿ ಬಿರುಸಾದ ಹಳೆಯ ಬಣ್ಣ, ಹೊಪ್ಪಳಿಕೆ ಎದ್ದ ತುಕ್ಕು ಬೇಗನೆ ಉದುರುವುದಕ್ಕೂ ಇದೇ ಕಾರಣ. ಕಲ್ಲಿನ ಮೇಲೆ ಅಕ್ಷರ ಕೊರೆಯಲು, ಗಾಜಿನ ಮೇಲೆ ಚಿತ್ರ ಮೂಡಿಸಲು ಈ ಕ್ರಮ ಬಳಕೆಗೆ ಬಂತು. ಗಾಳಿಯನ್ನು ಒತ್ತಿ ತುಂಬುವ ಕಂಪ್ರೆಸರ್ ಯಂತ್ರಗಳು ಹರಡಿದ ಮೇಲೆ ಎರಕದ ಕಾರ್ಖಾನೆಗಳಿಗೂ ಹಡಗುಕಟ್ಟೆಗಳಿಗೂ ಸೇತುವೆಗಳಿಗೂ ಅದು ಅನಿವಾರ್ಯವಾಯಿತು.

ಆದರೆ ಕಬ್ಬಿಣಕ್ಕೆ ಬಡಿದ ಮರಳು ತಾನೂ ಪುಡಿಯಾಗುತ್ತದೆ. ಸಾಮಾನ್ಯ ಮರಳೆಂದರೆ ಬಹುಪಾಲು ಬೆಣಚುಕಲ್ಲು, ಅಂದರೆ ಸಿಲಿಕ. ಅದು ಒಡೆದಾಗ ಏಳುವ ಅತಿ ಸೂಕ್ಷ್ಮ ಧೂಳು ಕಣ್ಣಿಗೆ ಕಾಣುವುದಿಲ್ಲ. ಮೂಗು ಗಂಟಲುಗಳಲ್ಲಿ ನಿಲ್ಲದೆ ಶ್ವಾಸಕೋಶದ ತುದಿಯವರೆಗೆ ಹೋಗಿ ಅಲ್ಲಿಯೇ ಉಳಿಯುತ್ತದೆ. ಅದರ ಸುತ್ತ ಗಾಯ ಮಾಗಿದ ಕಲೆಯಂಥ ಗಂಟುಗಳು ಬೆಳೆದು, ಸ್ಪಂಜಿನಂತಿದ್ದ ಶ್ವಾಸಕೋಶ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಬಂದ ಮೇಲೆ ಅದನ್ನು ಹಿಂತಿರುಗಿಸುವ ಔಷಧ ಇಂದಿಗೂ ಇಲ್ಲ. ಮುಖಕ್ಕೆ ಕಟ್ಟಿಕೊಂಡ ಬೈರಾಸು ಆ ಧೂಳನ್ನು ತಡೆಯಲಾರದು.

ಈ ರೋಗ ಕನ್ನಡ ನಾಡಿಗೆ ಹೊಸದಲ್ಲ. ಕೋಲಾರದ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರದಲ್ಲಿಯೇ. 1940ರ ದಶಕದಲ್ಲಿ ಅಲ್ಲಿ ನಡೆದ ತಪಾಸಣೆಯಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇದ್ದುದು ಕಂಡುಬಂತು. ಗಣಿ 2001ರಲ್ಲಿ ಮುಚ್ಚಿತು. ಅಲ್ಲಿಂದ ಹೊರಬಂದ ಚಿನ್ನದ ಲೆಕ್ಕವನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಬಾಯಿಪಾಠ ಮಾಡಿಸಿದ್ದೇನೆ. ಈ ಇನ್ನೊಂದು ಲೆಕ್ಕವನ್ನು ಹೇಳಿಕೊಟ್ಟವನಲ್ಲ.

ಹೇಳಿಕೊಡದಿದ್ದುದಕ್ಕೆ ಕಾರಣ, ನನಗೇ ಗೊತ್ತಿರಲಿಲ್ಲ. ಗೊತ್ತಾದುದು ಒಬ್ಬ ಹುಡುಗನಿಂದ. ಹೆಸರು ಬೇಡ, ಅವನ ತಾಯಿ ಇನ್ನೂ ಇದ್ದಾರೆ. ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ನಪಾಸಾಗಿ, ದೂರದ ಊರಿನ ಒಂದು ಕಾರ್ಖಾನೆಗೆ ಸೇರಿಕೊಂಡ. ಎರಕದ ಭಾಗಗಳಿಗೆ ಮರಳು ಹೊಡೆದು ನಯ ಮಾಡುವ ಕೆಲಸ. "ಪ್ರಾಮಾಣಿಕ, ಕಷ್ಟಸಹಿಷ್ಣು" ಎಂದು ಅವನಿಗೆ ಪತ್ರ ಬರೆದುಕೊಟ್ಟವನು ನಾನೇ. ಎಂಟು ವರ್ಷಗಳ ನಂತರ ಕೆಮ್ಮುತ್ತ ಹಿಂತಿರುಗಿದ. ಕ್ಷಯವೆಂದು ಎರಡು ಸಲ ಮಾತ್ರೆ ನುಂಗಿಸಿದರು. ಕೊನೆಗೆ ವೈದ್ಯರೊಬ್ಬರು ಎಕ್ಸ್‌ರೇ ನೋಡಿ, "ಇವನು ಯಾವ ಕೆಲಸ ಮಾಡುತ್ತಿದ್ದ?" ಎಂದು ಕೇಳಿದರು. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮಾರನೆಯ ವರ್ಷ ಅವನು ತೀರಿಕೊಂಡ. ಅವನಿಗೆ ಇಪ್ಪತ್ತೇಳು ವರ್ಷ.

ಜಗತ್ತಿಗೆ ಇದು ತಿಳಿದಿರಲಿಲ್ಲವೆಂದಲ್ಲ. ಬ್ರಿಟನ್ನಿನಲ್ಲಿ ಎರಕದ ವಸ್ತುಗಳಿಗೆ ಸಿಲಿಕಯುಕ್ತ ಮರಳು ಹೊಡೆಯುವುದನ್ನು 1949ರ ನಿಯಮಗಳೇ ನಿಷೇಧಿಸಿದವು. ಅಮೆರಿಕದ ಔದ್ಯೋಗಿಕ ಸುರಕ್ಷೆ ಮತ್ತು ಆರೋಗ್ಯ ಸಂಸ್ಥೆಯು ಅಂಥ ಮರಳನ್ನು ನಿಷೇಧಿಸಬೇಕೆಂದು 1974ರಲ್ಲಿ ಶಿಫಾರಸು ಮಾಡಿತು. ಆದರೂ ಹೊಸ ಜೀನ್ಸ್ ಹಳತಾದಂತೆ ಕಾಣಲೆಂದು ಬಟ್ಟೆಗೆ ಮರಳು ಹೊಡೆಯುತ್ತಿದ್ದ ಟರ್ಕಿಯ ತರುಣರು ಇದೇ ರೋಗಕ್ಕೆ ಬಲಿಯಾದರು. ಅಲ್ಲಿ ನಿಷೇಧ ಬಂದದ್ದು 2009ರಲ್ಲಿ. ನಮ್ಮ 1948ರ ಕಾರ್ಖಾನೆ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿಯೂ ಸಿಲಿಕೋಸಿಸ್ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವಾಗಿತ್ತು. ಕಾಯಿದೆ ಪುಸ್ತಕದಲ್ಲಿತ್ತು, ಹುಡುಗ ಧೂಳಿನಲ್ಲಿದ್ದ.

ಇನ್ನು ನೀರಿನ ವಿಷಯ. ಟಿಲ್ಗ್‌ಮನ್ ತನ್ನ ಪೇಟೆಂಟಿನಲ್ಲಿಯೇ ಮರಳನ್ನು ತೂರಲು ಹಬೆ, ಗಾಳಿ ಮಾತ್ರವಲ್ಲದೆ ನೀರನ್ನೂ ಹೆಸರಿಸಿದ್ದ. ನೀರು ಬೆರೆತರೆ ಏಳುವ ಧೂಳು ಬಹಳ ಮಟ್ಟಿಗೆ ತಗ್ಗುತ್ತದೆ. ಆದರೆ ಚುರುಕಾಗಿ ನಡೆಯುತ್ತಿದ್ದುದು ಒಣಗೆಲಸ. ಕೈಗಾರಿಕೆ ಹಿಡಿದದ್ದು ಅದನ್ನೇ. ಸಾಮಾನ್ಯರ ಕೈಗೆ ನೀರಿನ ದಾರಿ ಎಟುಕಿದ್ದು ಬಹಳ ತಡವಾಗಿ. ಜರ್ಮನಿಯ ಆಲ್ಫ್ರೆಡ್ ಕೆರ್ಷರ್ ಅವರ ಸಂಸ್ಥೆ 1950ರಲ್ಲಿ ಬಿಸಿನೀರಿನ ಅಧಿಕ ಒತ್ತಡದ ಶುಚಿಯಂತ್ರವನ್ನು ಹೊರತಂದಿತು. ಮುಂದೆ ಆ ಜಾತಿಯ ಯಂತ್ರಗಳು ಚಿಕ್ಕವಾಗುತ್ತ, ಅಗ್ಗವಾಗುತ್ತ ನಮ್ಮೂರಿನ ಗ್ಯಾರೇಜುಗಳಿಗೂ ಬಂದವು.

ಶಿಷ್ಯ ತಂದ ಯಂತ್ರವೂ ಅಂಥದ್ದೇ. ಕಾರಿನ ಚಕ್ರದ ಗಾಳಿಯ ಒತ್ತಡ ಸುಮಾರು 2 ಬಾರ್ ಆದರೆ, ಈ ಯಂತ್ರಗಳಲ್ಲಿ ನೀರು 100ರಿಂದ 150 ಬಾರ್ ಒತ್ತಡದಲ್ಲಿ ಹೊರಡುತ್ತದೆ. ನಳಿಗೆಯೊಳಗೆ ವೇಗವಾಗಿ ನುಗ್ಗುವ ನೀರಿನ ಸುತ್ತ ಒತ್ತಡ ಕಡಿಮೆಯಾಗಿ, ಪಕ್ಕದ ಕೊಳವೆಯಿಂದ ಗಾಳಿಯೂ ಮರಳೂ ತಾವಾಗಿ ಒಳಗೆಳೆಯಲ್ಪಡುತ್ತವೆ. ಹಿಂದೆ ಮನೆಗಳಲ್ಲಿದ್ದ ಸೊಳ್ಳೆ ಔಷಧದ ಫ್ಲಿಟ್ ಪಂಪನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಇಟಲಿಯ ವೆಂಚುರಿಯ ಹೆಸರಿನಲ್ಲಿ ನಾನು ಪಾಠ ಮಾಡುತ್ತಿದ್ದ ತತ್ತ್ವವೇ ಇದು. ಬಕೆಟ್ಟಿನಲ್ಲಿರುವ ಮರಳು ಮಾತ್ರ ಚೆನ್ನಾಗಿ ಒಣಗಿರಬೇಕು, ಇಲ್ಲವಾದರೆ ಕೊಳವೆ ಕಟ್ಟಿಕೊಳ್ಳುತ್ತದೆ.

ಎರಡು ದಿನ ಕಳೆದು ಕೆಲಸ ಆರಂಭವಾಯಿತು. ಕಡಲ ಮರಳು ಬೇಡವೆಂದು ಶಿಷ್ಯನಿಗೆ ಮನವರಿಕೆ ಮಾಡಿಕೊಟ್ಟೆ. ಅದರಲ್ಲಿ ಸಿಲಿಕವೂ ಇದೆ, ಉಪ್ಪೂ ಇದೆ. ಕಬ್ಬಿಣದ ಮೇಲೆ ಉಳಿದ ಉಪ್ಪು ಹೊಸ ಬಣ್ಣದಡಿಯಲ್ಲಿ ಮತ್ತೆ ತುಕ್ಕು ತರುತ್ತದೆ. ಬದಲಿಗೆ ಗಾರ್ನೆಟ್ ಪುಡಿಯ ಚೀಲ ತರಿಸಿದೆವು. ಬೆಲೆ ಹೆಚ್ಚು, ಆದರೆ ಅದರಲ್ಲಿ ಬೆಣಚಿನ ಅಂಶ ತೀರ ಕಡಿಮೆ. ಜೊತೆಗೆ ಸರಿಯಾದ ಉಸಿರುಕವಚ, ಕನ್ನಡಕ, ಬೂಟು. ಕೆಲಸವನ್ನು ದಸರಾ ರಜೆಯಲ್ಲಿಟ್ಟುಕೊಂಡು ಮಕ್ಕಳು ಹತ್ತಿರ ಸುಳಿಯದಂತೆ ನೋಡಿಕೊಂಡೆವು.

ನೀರಿದ್ದ ಮಾತ್ರಕ್ಕೆ ನಿಶ್ಚಿಂತೆಯಲ್ಲ. ನೆಲಕ್ಕೆ ಬಿದ್ದ ಕೆಸರು ಒಣಗಿದರೆ ಮತ್ತೆ ಧೂಳೇ. ಅಷ್ಟೇ ಅಲ್ಲ, ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವ ಹೆಚ್ಚು. ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ. ಗೇಟಿನಿಂದ ಇಪ್ಪತ್ತು ಹೆಜ್ಜೆಗೆ ಶಾಲೆಯ ಬಾವಿ ಇದೆ. ಆದುದರಿಂದ ಗೇಟನ್ನು ಕಳಚಿ ದೂರ ಒಯ್ದು, ಟಾರ್ಪಾಲು ಹಾಸಿ, ಕೆಸರನ್ನು ಹಸಿಯಾಗಿರುವಾಗಲೇ ಬಳಿದು ಡಬ್ಬಗಳಲ್ಲಿ ಮುಚ್ಚಿಟ್ಟೆವು.

ಮಧ್ಯಾಹ್ನದ ಹೊತ್ತಿಗೆ ಬೂದುಬಣ್ಣದ ಶುದ್ಧ ಕಬ್ಬಿಣ ಹೊರಬಂತು. ನೀರಿನ ಕೆಲಸದ ದೋಷವೆಂದರೆ ಬೆತ್ತಲೆ ಕಬ್ಬಿಣ ಗಂಟೆಗಳಲ್ಲೇ ಕೆಂಪೇರತೊಡಗುತ್ತದೆ. ಕೂಡಲೇ ಗಾಳಿ ಹಿಡಿದು ಒಣಗಿಸಿ, ಸಂಜೆಯೊಳಗೆ ಪ್ರೈಮರ್ ಬಳಿದು ಮುಗಿಸಿದ.

ಕೈ ತೊಳೆದುಕೊಂಡು ಬಂದವನು, "ಮಾಷ್ಟ್ರೇ, ಅಂಗಡಿಯಲ್ಲಿ ಎರಡು ವರ್ಷದಿಂದ ಒಣಮರಳನ್ನೇ ಹೊಡೆಯುತ್ತಿದ್ದೇನೆ. ಇಬ್ಬರು ಹುಡುಗರೂ ಇದ್ದಾರೆ" ಎಂದ. ನಾನು ಬೈಯಲಿಲ್ಲ. ಮಾರನೆಯ ದಿನ ಮೂವರನ್ನೂ ಕರೆದುಕೊಂಡು ಜಿಲ್ಲಾ ಆಸ್ಪತ್ರೆಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಿದೆ. ವೈದ್ಯರು ಕೇಳುವುದಕ್ಕೆ ಮೊದಲೇ, ಇವರು ಮಾಡುವ ಕೆಲಸ ಇಂಥದು ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಸದ್ಯಕ್ಕೆ ಮೂವರ ಎದೆಯೂ ಸ್ವಚ್ಛವಾಗಿದೆಯೆಂದು ಅವರು ಹೇಳಿದರು. ವರ್ಷಕ್ಕೊಮ್ಮೆ ತೋರಿಸಬೇಕೆಂದೂ ಹೇಳಿದ್ದಾರೆ. ಅಂಗಡಿಯಲ್ಲಿ ಉಳಿದಿದ್ದ ಮರಳು ಈಗ ಶಾಲೆಯ ಉದ್ದಜಿಗಿತದ ಗುಂಡಿಯಲ್ಲಿದೆ.