ಕೋದಂಡದಿಂದ ಕಲಿಕಾ ಏಣಿಯವರೆಗೆ

ಕಾಮಾಕ್ಷಿಪಾಳ್ಯದಲ್ಲಿ ಮಾಗಡಿ ರಸ್ತೆಯಿಂದ ಒಳಗೆ ತಿರುಗಿದರೆ ಮನೆಗಳ ನಡುವೆಯೇ ಲೇತ್ ಯಂತ್ರಗಳ ಸದ್ದು. ಇಲ್ಲಿ ದುಡಿಯಲು ದೂರದ ಊರುಗಳಿಂದ ಬಂದವರ ಮಕ್ಕಳು ಹಬ್ಬಕ್ಕೋ ಸುಗ್ಗಿಗೋ ಊರಿಗೆ ಹೋದರೆ ವಾರಗಟ್ಟಲೆ ಶಾಲೆ ತಪ್ಪುತ್ತದೆ. ತಿರುಗಿ ಬಂದ ಮಗುವಿಗೆ ತರಗತಿಯಲ್ಲಿ ಜಾಗ ಎಲ್ಲಿ? ಕಲಿಕೆಯ ವಾತಾವರಣದ ಮಾತು ಬಂದಾಗಲೆಲ್ಲ ನನ್ನನ್ನು ಮೊದಲು ಕಾಡುವ ಪ್ರಶ್ನೆ ಇದು. ಕನ್ನಡ ಶಾಲೆಗಳು ಇದಕ್ಕೆ ಕಂಡುಕೊಂಡ ಒಂದು ಉತ್ತರದ ಹಿಂದೆ ಉದ್ದನೆಯ ಚರಿತ್ರೆಯಿದೆ.

ಹಳೆಯ ಕೂಲಿಮಠ ಎಂದೊಡನೆ ನೆನಪಾಗುವುದು ಐಗಳ ಬೆತ್ತ, ತೊಲೆಗೆ ಕಟ್ಟಿದ ಹಗ್ಗಕ್ಕೆ ಹುಡುಗನನ್ನು ಜೋತುಬಿಡುತ್ತಿದ್ದ ಕೋದಂಡ. ಆದರೆ ದಕ್ಷಿಣ ಭಾರತದ ಇಂಥದೇ ಜಗುಲಿಶಾಲೆಗಳಲ್ಲಿ ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವುದೂ ಇತ್ತು, ಮರಳಲ್ಲಿ ಅಕ್ಷರ ತಿದ್ದಿಸುವುದೂ ಇತ್ತು. ಮದ್ರಾಸಿನಲ್ಲಿದ್ದ ಪಾದ್ರಿ ಆಂಡ್ರ್ಯೂ ಬೆಲ್ ಈ ಕ್ರಮವನ್ನು ಅಳವಡಿಸಿಕೊಂಡು 1797ರಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿನಲ್ಲಿ ಹಬ್ಬಿತು. ನಮ್ಮಲ್ಲಿ ಒಬ್ಬ ಮೇಷ್ಟ್ರು, ಎಲ್ಲರಿಗೂ ಒಂದೇ ದಿನ ಒಂದೇ ಪಾಠ ಎಂಬ ಕ್ರಮ ಬೇರೂರಿತು. ಬೆತ್ತ ಹಾಗೇ ಉಳಿಯಿತು.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಬೇರೆಯದೊಂದು ಶುರುವಾಯಿತು. ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ‘ನಲಿ-ಕಲಿ’ ರೂಪಿಸಿದರು. ಪಾಠಗಳು ಕಾರ್ಡುಗಳಾದವು, ಕಾರ್ಡುಗಳು ಕಲಿಕಾ ಏಣಿಯ ಮೆಟ್ಟಿಲುಗಳಾದವು. ಮಕ್ಕಳು ಕೂರುವುದು ಐದು ಗುಂಪಾಗಿ. ಗುಂಪಿಗೆ ‘ತಟ್ಟೆ’ ಎಂದು ಹೆಸರು. ಹೊಸದನ್ನು ಕಲಿಯುವವರದು ಶಿಕ್ಷಕರ ಸಂಪೂರ್ಣ ಬೆಂಬಲಿತ ತಟ್ಟೆ. ಉಳಿದವು ಶಿಕ್ಷಕರ ಭಾಗಶಃ ಬೆಂಬಲ, ಗೆಳೆಯರ ಸಂಪೂರ್ಣ ಬೆಂಬಲ, ಗೆಳೆಯರ ಭಾಗಶಃ ಬೆಂಬಲ ಮತ್ತು ಸ್ವಕಲಿಕೆಯ ತಟ್ಟೆಗಳು. ಯಾರು ಎಲ್ಲಿ ಕೂರಬೇಕೆಂಬುದನ್ನು ಅವರವರ ಮೆಟ್ಟಿಲು ಹೇಳುತ್ತದೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟಕುವ ಕಪ್ಪುಹಲಗೆ, ತಲೆಯ ಮೇಲೆ ಅವರೇ ಬಿಡಿಸಿದ ಚಿತ್ರಗಳ ಚಪ್ಪರ.

ಈ ಹೆಸರುಗಳನ್ನು ಗಮನಿಸಿ. ಮಗುವಿಗೆ ಆಸರೆ ಸಿಗುವುದು ಮೇಷ್ಟ್ರ ಅಂದಿನ ಮನಸ್ಥಿತಿಯ ಮೇಲೆ ನಿಂತಿಲ್ಲ. ಕೂರುವ ಜಾಗದಲ್ಲೇ ಅದು ಸೇರಿದೆ. ಹದಿನೈದು ದಿನ ಬಾರದಿದ್ದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ, ಯಾರ ಮುಂದೆಯೂ ದಡ್ಡ ಎನಿಸಿಕೊಳ್ಳದೆ. ಕೂಲಿಮಠದ ಗೆಳೆಯ ಮರಳಿ ಬಂದ, ಕೋದಂಡ ಬರಲಿಲ್ಲ.

2009-10ರಿಂದ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ ಬಂತು, ಆಮೇಲೆ ಮೂರನೆಯದಕ್ಕೂ. 2010ರ ಏಪ್ರಿಲ್ 1ರಂದು ಜಾರಿಯಾದ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು.

‘ಬರೀ ಆಟ ಆಡಿಸ್ತಾರೆ’ ಎಂದು ಗೊಣಗುವ ಪೋಷಕರಿದ್ದಾರೆ. ಒಬ್ಬರೇ ಶಿಕ್ಷಕರ ಕೈಗೆ ಮಕ್ಕಳು ಹೆಚ್ಚಾದರೆ ಐದೂ ತಟ್ಟೆಗಳನ್ನು ನೋಡಿಕೊಳ್ಳುವುದು ಕಷ್ಟ ಎಂಬುದೂ ನಿಜ. ಬೆತ್ತವನ್ನು ಕಾನೂನು ಕಿತ್ತುಕೊಳ್ಳಬಹುದು. ಊರಿಂದ ತಡವಾಗಿ ಬಂದ ಮಗುವಿನ ಪಕ್ಕ ಕೂರಲು ಶಿಕ್ಷಕರಿಗೆ ಬೇಕಾದ ಹೊತ್ತನ್ನು ನಾವೇ ಕೊಡಬೇಕು.