ಬೀಸುವ ಕಲ್ಲೂ ಮುಪ್ಪಿನ ಬಲವೂ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ದೇಹಬಲದ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ ಗರಡಿಮನೆಯಿಂದಲೇ ಆರಂಭಿಸುವರು. ಕೆಮ್ಮಣ್ಣಿನ ಮಟ್ಟಿ, ದಂಡೆ, ಬಸ್ಕಿ, ಜಾತ್ರೆಯ ಕುಸ್ತಿ, ಇವುಗಳ ವರ್ಣನೆ ರಮ್ಯವಾದುದೇ ಸರಿ. ಆದರೆ ಪೈಲ್ವಾನನ ಬಲವು ಯೌವನದ ಬಲ; ಮುಪ್ಪಿನವರೆಗೂ ಮಾಂಸಖಂಡಗಳನ್ನು ಕಾಯುವ ಶ್ರಮವು, ನನ್ನ ಮತದಲ್ಲಿ, ಗರಡಿಗಿಂತ ಹೆಚ್ಚಾಗಿ ಮನೆಯೊಳಗೇ ನಡೆಯುತ್ತಿದ್ದಿತು. ಕೋಳಿ ಕೂಗುವ ಹೊತ್ತಿಗೆದ್ದು, ಗೂಟವನ್ನು ಹಿಡಿದು ಕಲ್ಲನ್ನು ತಿರುಗಿಸಿ, ಆ ದಿನದ ಮುದ್ದೆಗೆ ಸಾಲುವಷ್ಟು ರಾಗಿಯನ್ನು ಬೀಸಿ, ಒನಕೆಯಲ್ಲಿ ಭತ್ತವನ್ನು ಕುಟ್ಟಿ, ಸೇದುವ ಬಾವಿಯಿಂದ ನೀರನ್ನು ಹೊತ್ತು ತರುತ್ತಿದ್ದ ಗೃಹಿಣಿಗೆ ಮೊಮ್ಮಕ್ಕಳನ್ನು ಕಂಡ ಮೇಲೂ ಆ ದುಡಿಮೆಯಿಂದ ಬಿಡುಗಡೆಯಿರಲಿಲ್ಲ.

ಅದನ್ನು ಸುವರ್ಣಯುಗವೆಂದು ಕೊಂಡಾಡಲಾರೆ. ಧಾತು, ಈಶ್ವರ ಸಂವತ್ಸರಗಳ, ಎಂದರೆ 1876–78ರ, ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನ ಲಕ್ಷಗಟ್ಟಲೆ ಅಳಿದರು. 1898ರಲ್ಲಿ ಪ್ಲೇಗು ಬಂದಿತು. ಮುಪ್ಪನ್ನು ಕಾಣುವ ಭಾಗ್ಯವೇ ವಿರಳ. ಬೊಜ್ಜಂತೂ ಉಳ್ಳವರ ಪಾಲಿನದು.

1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು ದಶಕಗಳ ತರುವಾಯ ಹಳ್ಳಿಗಳನ್ನು ಮುಟ್ಟಿ, ಹಿಟ್ಟಿನ ಗಿರಣಿ ಬಂದಾಗ ಹೆಣ್ಣಿನ ಭುಜದಿಂದಿಳಿದ ಭಾರಕ್ಕಾಗಿ ಯಾರೂ ಮರುಗಬೇಕಾಗಿಲ್ಲ. ಆದರೆ ತೋಳು ತೊಡೆಗಳಿಗೆ ಅದರ ಬದಲಿಗೆ ಬೇರೊಂದು ಕೆಲಸ ಒದಗಲಿಲ್ಲ. ಆಯುಸ್ಸು ಬೆಳೆಯಿತು, ಊಟದಲ್ಲಿ ಅನ್ನವೂ ಎಣ್ಣೆಸಕ್ಕರೆಗಳೂ ಬೆಳೆದವು. ಅಮೆರಿಕದ ಇರ್ವಿನ್ ರೋಸೆನ್‌ಬರ್ಗರು 1989ರಲ್ಲಿ ಸಾರ್ಕೋಪೀನಿಯಾ ಎಂದು ಹೆಸರಿಸಿದ ಮುಪ್ಪಿನ ಮಾಂಸಕ್ಷಯವು ಸ್ಥೂಲಕಾಯದಲ್ಲಿ ಸೇರಿಕೊಂಡಾಗ ತಕ್ಕಡಿಗೂ ಕಾಣದು, ಕಣ್ಣಿಗೂ ಕಾಣದು. ಹೊಟ್ಟೆಯ ಸುತ್ತಲಿನ ಕೊಬ್ಬು ಜಡವಸ್ತುವಲ್ಲ. ದೇಹರಕ್ಷಣೆಗೆಂದೇ ಇರುವ ಬಿಳಿಯ ರಕ್ತಕಣಗಳು ಅದರಲ್ಲಿ ನೆರೆದು, ಇಂಟರ್‌ಲ್ಯೂಕಿನ್-6 ಮೊದಲಾದ ದ್ರವ್ಯಗಳನ್ನು ಸ್ರವಿಸುತ್ತ, ಬೂದಿ ಮುಚ್ಚಿದ ಕೆಂಡದಂತೆ ಮಂದವಾದ ಉರಿಯೂತವನ್ನು ವರ್ಷಗಟ್ಟಲೆ ಉಳಿಸುವುವು. ವಯೋವೃದ್ಧರ ಈ ಉರಿಯೂತವನ್ನು ಇಟಲಿಯ ಕ್ಲಾಡಿಯೋ ಫ್ರಾನ್ಸೆಸ್ಕಿ 2000ದಲ್ಲಿ ವಿವರಿಸಿದರು. ಅದರಿಂದ ಮಾಂಸದ ಪ್ರೋಟೀನು ಕರಗುತ್ತದೆ. ಬಲಗುಂದಿದವರು ಕಡಿಮೆ ನಡೆಯುವರು. ಕೊಬ್ಬು ಮತ್ತಷ್ಟು ಕೂಡುತ್ತದೆ. ದುಡಿಯುವ ಸ್ನಾಯುವಾದರೋ ಉರಿಯೂತವನ್ನು ಶಮನಗೊಳಿಸುವ ದ್ರವ್ಯಗಳನ್ನು ತಾನೇ ಸ್ರವಿಸಬಲ್ಲುದು. ಆ ಕಾರಣದಿಂದಲೇ ಇಂದಿನ ವೈದ್ಯರು ವೃದ್ಧರಿಗೆ ಭಾರವೆತ್ತುವ ವ್ಯಾಯಾಮವನ್ನೂ, ಬೇಳೆ, ಹಾಲು, ಮೊಟ್ಟೆಗಳ ಪ್ರೋಟೀನನ್ನೂ ವಿಧಿಸುವರು.

ಪರೀಕ್ಷೆ ಆರಂಭವಾಗುವುದು ಕೈಯ ಹಿಡಿತದಿಂದ. ಏಷ್ಯಾದ ತಜ್ಞರು 2019ರಲ್ಲಿ ಒಪ್ಪಿದ ಮಾನದಂಡದಂತೆ ಪುರುಷರಲ್ಲಿ ಅದು 28 ಕಿಲೋಗ್ರಾಂಗಿಂತ, ಸ್ತ್ರೀಯರಲ್ಲಿ 18 ಕಿಲೋಗ್ರಾಂಗಿಂತ ಕಡಿಮೆಯಾದರೆ ಮಾಂಸಕ್ಷಯವನ್ನು ಶಂಕಿಸಬೇಕು. ಸಕ್ಕರೆಯನ್ನೂ ರಕ್ತದೊತ್ತಡವನ್ನೂ ನೋಡುವ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೆಲ್ಲ ಅಜ್ಜಿಯರ ಈ ಹಿಡಿತವನ್ನೂ ಅಳೆಯುವಂತಾಗಲಿ ಎಂಬುದು ನನ್ನ ಹೃತ್ಪೂರ್ವಕವಾದ ಆಶೆ.