ಒಳಮೈಯ ಬಣ್ಣ

ಮೆಟ್ಟಿಗೂ ಚರಿತ್ರೆಯುಂಟು. ಮೆಟ್ಟಿ ನಡೆದವರದು ಪುಸ್ತಕದಲ್ಲಿದೆ. ಹೊಲಿದವರದು ಇಲ್ಲ.

ನಮ್ಮ ಹಟ್ಟಿಯಲ್ಲಿ ಮೊದಲು ಡಿಗ್ರಿ ಮುಗಿಸಿದವನು ಸಂದರ್ಶನಕ್ಕೆಂದು ಸಂತೆಯಲ್ಲಿ ಹಳೇ ಸ್ವೇಡ್ ಬೂಟು ಕೊಂಡು ತಂದ. ಬಣ್ಣ ಮಾಸಿತ್ತು, ಮೂತಿ ಜಿಡ್ಡುಗಟ್ಟಿತ್ತು. ಪಾಲಿಶ್ ಡಬ್ಬಿ ತೆಗೆದದ್ದೇ ತಡ, ಬಸ್ ಸ್ಟ್ಯಾಂಡಿನಲ್ಲಿ ಕೂತು ಬೂಟು ಹೊಲಿಯುವ ನಮ್ಮ ಚಿಕ್ಕಪ್ಪ ಗದರಿದ: "ಬಳೀಬ್ಯಾಡ ಕಣ್ಲಾ! ಇದು ತೊಗಲಿನ ಒಳಮೈ. ಮೇಣ ಬಿದ್ರೆ ನವಿರೆಲ್ಲಾ ಅಂಟ್ಕಂಡು ಸತ್ತೋಯ್ತದೆ."

ಜಿಡ್ಡಿನ ಮೇಲೆ ಪೌಡರು ಉದುರಿಸಿ ಒಂದು ರಾತ್ರಿ ಬಿಟ್ಟ. ಬೆಳಿಗ್ಗೆ ಬ್ರಷ್ಷಿನಿಂದ ಕೊಡವಿ, ಉಳಿದ ಕಲೆಯನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿದ. ಸ್ವೇಡಿಗೆಂದೇ ಸಿಗುವ ಬಣ್ಣವನ್ನು ತೆಳ್ಳಗೆ ಎರಡು ಸಲ ಹಚ್ಚಿ ನೆರಳಲ್ಲಿ ಆರಿಸಿದ. ಮತ್ತೆ ಬ್ರಷ್ಷಾಡಿಸಿ ನವಿರೆಬ್ಬಿಸಿದ. ಬೂಟಿಗೆ ಜೀವ ಬಂತು.

ಸ್ವೇಡ್ ಅಂದರೆ ಫ್ರೆಂಚರ ಬಾಯಲ್ಲಿ ಸ್ವೀಡನ್ ದೇಶ. ಅಲ್ಲಿಯ ಮೆತ್ತನೆಯ ಕೈಗವಸಿನ ಹೆಸರೇ ತೊಗಲಿಗೂ ಅಂಟಿತು. ಮಾಂಸವಿದ್ದ ಒಳಮಗ್ಗುಲನ್ನು ಉಜ್ಜಿದರೆ ಸ್ವೇಡ್. ಕೂದಲಿದ್ದ ಹೊರಮಗ್ಗುಲನ್ನು ಉಜ್ಜಿದರೆ ನುಬಕ್. ಆ ಒಳಮಗ್ಗುಲು ನಮಗೇನು ಹೊಸದೆ? ಸುಣ್ಣದ ಗುಂಡಿಯಿಂದ ತೊಗಲೆತ್ತಿ, ಮಾಂಸ ಹೆರೆದು, ತಂಗಡಿ ಚಕ್ಕೆಯ ನೀರಲ್ಲಿ ಹದ ಮಾಡಿದ ಕೈಗಳು ನಮ್ಮವು. ಅದನ್ನು ಯಾರೂ ವಿದ್ಯೆ ಅನ್ನಲಿಲ್ಲ, ಹೊಲಸು ಅಂದರು.

1884ರಲ್ಲಿ ಅಮೆರಿಕದ ಆಗಸ್ಟಸ್ ಶುಲ್ಟ್ಸ್ ಕ್ರೋಮ್ ಹದಕ್ಕೆ ಪೇಟೆಂಟ್ ಪಡೆದ. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಬೇಗ ಮುಗಿಯತೊಡಗಿತು. 1903ರಲ್ಲಿ ಮದರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಅದರ ಪ್ರಯೋಗ ನಡೆಸಿದ. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನೂ ಆದ. ತೊಗಲು ಕಾರ್ಖಾನೆ ಸೇರಿದಾಗ ವಿಜ್ಞಾನವಾಯಿತು. ಹಟ್ಟಿಯಲ್ಲಿ ಉಳಿದದ್ದು ಜಾತಿಯಾಗಿಯೇ ಉಳಿಯಿತು.

ಊರಿಗೆಲ್ಲ ಮೆಟ್ಟು ಹೊಲಿದ ನಮ್ಮ ತಾತಂದಿರು ಮೇಲುಜಾತಿಯವರ ಬೀದಿಯಲ್ಲಿ ತಮ್ಮ ಮೆಟ್ಟನ್ನು ಕೈಯಲ್ಲಿ ಹಿಡಿದು ನಡೆದರು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿತು. ಅದರಲ್ಲಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಸಂತೋಷ. ಊರಿಗೆ ಗುರುತು ಬಂತು, ಹೊಲಿದವನಿಗೆ?

ಚಿಕ್ಕಪ್ಪ ಅಂದದ್ದು ಇಷ್ಟೆ: "ಮೊದ್ಲು ಕೊಳೆ ತೆಗೀಬೇಕು ಮಗಾ. ಕೊಳೆ ಮ್ಯಾಲೆ ಬಣ್ಣ ಬಳಿದ್ರೆ ನಿಲ್ಲಾಕಿಲ್ಲ."

ಚರಿತ್ರೆ ಪಾಠ ಮಾಡುವ ಮೇಷ್ಟ್ರೇ, ಒಂದು ದಿನ ಮಕ್ಕಳನ್ನು ಬಸ್ ಸ್ಟ್ಯಾಂಡಿಗೆ ಕರೆತನ್ನಿ. ಚಿಕ್ಕಪ್ಪ ಅಲ್ಲೇ ಕೂತಿರುತ್ತಾನೆ.